ಎಬ್ಬಿಸಿ ನಂಬರ್ ಕೇಳೋ ಮಾಸ್ತರ್

ಮೊನ್ನಿ ಸುರಪುರದಾಗ ಮಾಸ್ತರಿಗೆ ಮಣ್ಣು ಕೊಟ್ಟು ಬಂದ್ವಿ. ಅವರ ಹೆಸರು ಹೇಳೂದಿಲ್ಲ. ಹೇಳಿದ್ರ ಅವರಿಗೇ ಸೇರತಿರಲಿಲ್ಲ. ಫಂಕ್ಷನ್ನಿನಾಗ ಮೈಕ್ ಹಿಡಿದವರು ತಮ್ಮ ಹೆಸರು ತಗೋತಾರ ಅಂತ ವಾಸನಿ ಬಡಿದ್ರ ಸಾಕು, ಮೊದಲ ಎದ್ದು ಹೊರಗ ಹೋಗಿ ನಿಂದ್ರೋ ಮನಶ್ಯಾ. ನಾವೆಲ್ಲಾ ಮಾಸ್ತರ್ ಅಂತಿದ್ವಿ, ಹಂಗೇ ಇರಲಿ.

ಸತ್ತ ಮ್ಯಾಲ ಎಲ್ಲಾರೂ ದೇವರಂಥಾ ಮನಶ್ಯಾ ಆಗಿಬಿಡ್ತಾರ. ಮಣ್ಣಿಗೆ ಬಂದವರ ಬಾಯಾಗ ಅದ ಮಾತು ಕೇಳಿ ಕೇಳಿ ನನಗ ತಲಿ ಕೆಟ್ಟುಹೋತು. ಎಲ್ಲೀ ದೇವರು? ಸಿಡುಕಂದ್ರ ಸಿಡುಕ. ನಾವು ಒಂದು ಅಂದ್ರ ಅವರು ಎರಡು ಅಂತಿದ್ರು. ನಾನೇನು ಕಡಿಮಿ ಇರಲಿಲ್ಲ ಬಿಡ್ರಿ, ಹಂಗಾಗಿ ನಮ್ಮಿಬ್ಬರಿಗೆ ಬರೋಬರ್ ಹೊಂದಿತು.

ನಾ ನರ್ಸು. ಶಹಾಪುರ ಕಡೆ ಒಂದು ಟ್ರಸ್ಟಿನವರು ನಡಸೋ ಸಣ್ಣ ದವಾಖಾನ್ಯಾಗ ಭಾಳ ವರ್ಷದಿಂದ ಅದೀನಿ. ಅಲ್ಲಿ ಕಂಪ್ಯೂಟರ್ ನೋಡ್ಕೊಳ್ಳಾವ್ರು ಮಾಸ್ತರ್. ಅದಕ್ಕೂ ಮೊದಲು ಸುರಪುರದಾಗ ಕಂಪ್ಯೂಟರ್ ಕಲಸೋ ಸೆಂಟರಿನಾಗ ಪಾಠ ಹೇಳತಿದ್ರಂತ. ಸೆಂಟರ್ ಮುಚ್ಚಿತು, ಮಾಸ್ತರ್ ಅನ್ನೋ ಹೆಸರಷ್ಟ ಬೆನ್ನ ಹತ್ತಿ ಬಂತು. ದಿನಾ ಸುರಪುರದಿಂದ ಬಸ್ಸಿಗೆ ಬಂದು ಬಸ್ಸಿಗೆ ಹೋಗತಿದ್ರು.

ಅವರ ಬಗ್ಗೆ ಏನು ಹೇಳಾಕ ಕುಂತ್ರೂ ನನ್ನ ತಲಿ ಒಂದ ಕಡೆ ಹೋಗಿ ನಿಂದರ್ತದ. ಒಂದು ಮುಂಜಾನಿ ಅವರು ಅರ್ಧಕ್ಕ ಬಿಟ್ಟು ಎದ್ದ ಒಂದು ಕೆಲಸ. ಅದರ ಕೂಡ ಹೋದ ಒಂದು ಹೆಣ್ಣು ಜೀವ. ಆ ಹೆಣ್ಣಿನ ಗಂಡಗ ಖರೇ ಹೇಳಬೇಕೋ, ಬಾಯಿ ಮುಚ್ಕೊಂಡು ಇರಬೇಕೋ ಅನ್ನೋ ಸಂಕಟ. ಅಲ್ಲಿಗೆ ಬರತೀನಿ. ಮೊದಲು ಮನಶ್ಯಾ ಹೆಂಗಿದ್ರು ಅಂತ ಗೊತ್ತಿರಲಿ.

ಸಣಕಲ ಆಳು. ತಲಿಗೆ ಎಣ್ಣಿ ಹಚ್ಚಿ ಹಿಂದಕ ಬಾಚಿದ್ದು. ಅಂಗಿ ಕಿಸೇದಾಗ ಪೆನ್ನಿರಲಿಲ್ಲ, ಟೆಸ್ಟರ್ ಇತ್ತು. ನಡಿಯೋವಾಗ ಮಂದಿ ಮಾರಿ ನೋಡತಿರಲಿಲ್ಲ, ನೆಲದ ಮ್ಯಾಲಿನ ವೈರ್ ನೋಡ್ಕೋತ ನಡೀತಿದ್ರು. ಎದುರಿಗೆ ಡಾಕ್ಟರ್ ಬಂದ್ರೂ ಅಷ್ಟ, ಕಸ ಹೊಡಿಯೋ ಆಯಾ ಬಂದ್ರೂ ಅಷ್ಟ. ಮಧ್ಯಾಹ್ನ ಗೇಟಿನ ಹೊರಗ ಗಾಡಿ ಮುಂದ ನಿಂತು ಚುರುಮುರಿ ಸುಸಲಾ, ಮಿರ್ಚಿ ತಿನ್ನೋವಾಗ ಮಾತ್ರ ಜರಾ ಮನಶ್ಯಾರಂಗ ಕಾಣತಿದ್ರು. ಮಿರ್ಚಿ ಖಾರ ಆದ್ರ ಗಾಡಿಯವನ್ನ ಬೈತಿದ್ರು, ಆಗದಿದ್ರೂ ಬೈತಿದ್ರು.

ಕಂಪ್ಯೂಟರಿನ ಬ್ಯಾಟರಿ ಪೆಟಗಿಗೆ, ಅದೇ ಯುಪಿಎಸ್ಸಿಗೆ, ಯಾರಾದ್ರೂ ತಮ್ಮ ಫೋನ್ ಚಾರ್ಜಿಗೆ ಹಚ್ಚಿದ್ರ ಮುಗೀತು. ಒಮ್ಮಿ ಔಷಧಿ ಕೊಡೋ ಹುಡುಗೀದು ಫೋನ್ ಕಿತ್ತಿ ಟೇಬಲ್ ಮ್ಯಾಲ ಒಗದು ಅಂದ್ರು, "ಇದು ಮಶೀನಿನ ಉಸಿರು. ನಿನ್ನ ಫೋನಿನ ತವರುಮನಿ ಅಲ್ಲ." ಆಕಿ ಅತ್ತಳು. ನಾ ಜಗಳಾ ತೆಗೆದೆ. "ಹೆಣ್ಮಕ್ಕಳ ಕೂಡ ಹೆಂಗ ಮಾತಾಡಬೇಕಂತ ಗೊತ್ತದ ಏನ್ರಿ ನಿಮಗ?" ಅಂದೆ. "ಗೊತ್ತಿಲ್ರಿ ಸಿಸ್ಟರ್. ಮಶೀನ್ ಕೂಡ ಹೆಂಗ ಮಾತಾಡಬೇಕಂತ ಅಷ್ಟ ಗೊತ್ತು" ಅಂತ ಹೇಳಿ ಟೇಬಲ್ ಕೆಳಗ ತೂರಿದ್ರು. ಟೇಬಲ್ ಕೆಳಗಿಂದ ಎದ್ದ ಮ್ಯಾಲ ಆ ಹುಡುಗಿಗೆ ಬ್ಯಾರೆ ಗ್ವಾಡಿಗೆ ಒಂದು ಪ್ಲಗ್ ಹಾಕಿ ಕೊಟ್ರು. ಮಾತು ಬ್ಯಾಡ, ಮಾರಿ ನೋಡೂದು ಬ್ಯಾಡ.

ನಮ್ಮ ಕಂಪ್ಯೂಟರೆಲ್ಲಾ ನಡಿಯೂದು ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಮ್ಯಾಲ. ಪುಕ್ಕಟ ಸಿಗತದ ಅಂತ ಟ್ರಸ್ಟಿನವರು ಒಪ್ಪಿದ್ರು, ಪುಕ್ಕಟ ಇಲ್ಲದಿದ್ರೂ ನಾ ಅದನ್ನ ಹಾಕತಿದ್ದೆ ಅಂತ ಮಾಸ್ತರ್ ಅಂತಿದ್ರು. ಕರೀ ಪರದಾ, ಅದರ ಮ್ಯಾಲ ಬಿಳೀ ಅಕ್ಷರ. ಅದರ ಮುಂದ ಅವರು ಕುಂತ್ರ ನಮಾಜಿಗೆ ಕುಂತವರಂಗ, ಕರೆದ್ರೂ ತಿರುಗಿ ನೋಡತಿರಲಿಲ್ಲ.

ಒಂದೊಂದು ಕಂಪ್ಯೂಟರಿಗೂ ಒಂದು ನಂಬರ್ ಇರತದಂತ. ನನಗ ಆ ನಂಬರಿನ ಕತಿ ಹೇಳಿದ್ದೂ ಜಗಳದಾಗ. ಇಸಿಜಿ ರೂಮಿನ್ಯಾಗಿನ ಕಂಪ್ಯೂಟರ್ ಮುಂದ ಅವರು ತಾಸುಗಟ್ಟಲೆ ಕುಂತಿದ್ರು, ಪೇಷಂಟ್ ಹೊರಗ ನಿಂತಿತ್ತು. "ಏನ್ ಮಾಡಾಕತ್ತೀರಿ ಅಷ್ಟೊತ್ತು?" ಅಂತ ಗುಸ್ಸಾ ಮಾಡಿದೆ.

"ಇದಕ್ಕ ಕಾಯಂ ನಂಬರ್ ಕೊಡಾಕತ್ತೀನ್ರಿ."

"ಅಂದ್ರ?"

ಅಂದಾಗ ಮೊದಲ ಸಲ ನನ್ನ ಮಾರಿ ನೋಡಿದ್ರು. "ನಿಮ್ಮ ಓಪಿಡಿಗೆ ಬಂದವರಿಗೆ ಚೀಟಿ ನಂಬರ್ ಕೊಡ್ತೀರಿ. ಇವತ್ತೊಂದು, ನಾಳೀಗೊಂದು. ಬಂದವರಿಗೆ ಬಂದಂಗ. ಹೌದಲ್ಲ? ಆದ್ರ ಒಳಗಿನ ಬೆಡ್ಡಿಗೆ ನಂಬರ್ ಗ್ವಾಡಿ ಮ್ಯಾಲ ಬರೆದದ. ಡಾಕ್ಟರ್ ಆ ನಂಬರಿನ ಬೆಡ್ಡಿಗೆ ಸೂಜಿ ಹಾಕ್ರಿ ಅಂದ್ರ ನೀವು ಕಣ್ಣು ಮುಚ್ಕೊಂಡು ಹೋಗತೀರಿ. ಆ ಬೆಡ್ ದಿನಾ ಜಾಗಾ ಬದಲಿ ಮಾಡಿದ್ರ?"

"ಯಾರ ಸೂಜಿ ಯಾರಿಗೋ."

"ಇದೂ ಅಷ್ಟ. ಮಂದಿ ಫೋನಿಗೆಲ್ಲಾ ಆ ನೆಟ್ಟಿನ ಪೆಟಗಿ, ಅದೇ ರೌಟರ್, ಚೀಟಿ ನಂಬರ್ ಹಂಚತದ. ಹಂಚಲಿ. ಇಸಿಜಿ ಮಶೀನ್ ಎದಿ ಗೆರಿ ತಗೊಂಡು ಈ ಕಂಪ್ಯೂಟರಿಗೆ ಒಗೀತದ, ನಂಬರ್ ನೋಡಿ ಒಗೀತದ. ಈ ಕಂಪ್ಯೂಟರ್ ಕಲಬುರಗಿ ಡಾಕ್ಟರಿಗೆ ಕಳಸ್ತದ. ಇದರ ನಂಬರ್ ತಪ್ಪಿದ್ರ ಗೆರಿ ಖಾಲಿ ಜಾಗಾದಾಗ ಬಿದ್ದು ಹೋಗ್ತದ."

ನನಗ ಅವತ್ತ ತಿಳೀತು. ಇಷ್ಟು ಚಂದ ಹೇಳಾಕ ಬರೋ ಮನಶ್ಯಾ ದಿನಾ ಯಾಕ ಬೈತಾನ ಅಂತ ಮಾತ್ರ ತಿಳೀಲಿಲ್ಲ.

ಅವರ ಇನ್ನೊಂದು ಮಾತಿತ್ತು. ಲಿನಕ್ಸಿಗೆ ನಂಬರ್ ಎರಡು ನಮೂನಿ ಕೊಡಬಹುದಂತ. ಒಂದು, ಕರೀ ಪರದಾದಾಗ ಒಂದು ಸಾಲು ಹೊಡೆದು, ನೋಡಪ್ಪಾ, ಇದು ನಿನ್ನ ನಂಬರ್ ಅಂತ ಹೇಳೂದು. ಅದು ಆ ಕ್ಷಣಕ್ಕ ಕೇಳ್ತದ. ಆದ್ರ ಬಂದ್ ಮಾಡಿದ್ರ, ಕರೆಂಟ್ ಹೋದ್ರ, ಮರೀತದ. ಎದ್ದ ಮ್ಯಾಲ ಮಂದಿ ಕೂಡ ಪಾಳಿ ಹಚ್ಚಿ ಚೀಟಿ ನಂಬರ್ ತಗೋತದ. ಎರಡನೇದು, ಅದರೊಳಗಿನ ಫೈಲಿನಾಗ ಬರೆದಿಡೂದು. ಬರೆದಿಟ್ರ ಎಷ್ಟು ಸಲ ಕರೆಂಟ್ ಹೋದ್ರೂ ಎದ್ದ ಕೂಡ್ಲೆ ಓದಿಕೊಂಡು ತನ್ನ ನಂಬರ್ ತಾನ ಹೇಳ್ತದ. "ಬಾಯಿಮಾತು ಕರೆಂಟ್ ಇರೋತನಕ ರೀ ಸಿಸ್ಟರ್" ಅಂತಿದ್ರು. ದವಾಖಾನ್ಯಾಗ ಯಾರು ಏನು ಮಾತು ಕೊಟ್ರೂ, ಸಾಹೇಬ್ರು ಪಗಾರ ಏರಿಸ್ತೀನಿ ಅಂದ್ರೂ, ಅವರದು ಅದ ಒಂದ ಮಾತು. ನಾವು ನಗತಿದ್ವಿ.

ಬರೆದಿಟ್ಟ ಮ್ಯಾಲೂ ಬಿಡತಿರಲಿಲ್ಲ. ಮಶೀನ್ ಬಂದ್ ಮಾಡಿ, ವೈರ್ ಕಿತ್ತಿ, ಮತ್ತ ಹಚ್ಚಿ ಎಬ್ಬಿಸಿ, ನಂಬರ್ ಕೇಳಿ ನೋಡೂದು. "ಕೂಸನ್ನ ನಿದ್ದಿಗಣ್ಣಾಗ ಎಬ್ಬಿಸಿ ಅಪ್ಪನ ಹೆಸರು ಕೇಳಬೇಕು. ಆಗ ಹೇಳಿದ್ರ ಕಲ್ತದ ಅಂತ ಅರ್ಥ." ಯಾವ ಕಂಪ್ಯೂಟರ್ ಮುಟ್ಟಿದ್ರೂ ಹಿಂಗ ಎಬ್ಬಿಸಿ ಕೇಳದ ಆ ಖುರ್ಚಿಯಿಂದ ಏಳತಿರಲಿಲ್ಲ. ನನಗೂ ಕಲಿಸಿದ್ರು. ಕರೀ ಪರದಾದಾಗ ಇಂಗ್ಲೀಷಿನ್ಯಾಗ ಐ, ಪಿ, ಒಂದು ಖಾಲಿ ಬಿಟ್ಟು ಎ. ಅಷ್ಟ. ಮಶೀನ್ ತನ್ನ ನಂಬರ್ ತೋರಸ್ತದ. ಕಂಪ್ಯೂಟರಿನ ಡಬ್ಬಿ ಮ್ಯಾಲ ಅವರು ದಪ್ಪ ಅಕ್ಷರದಾಗ ಬರೆದು ಅಂಟಿಸಿದ ಚೀಟಿ ಕೂಡ ತಾಳೆ ಆಗಬೇಕು.

ಇನ್ನೊಂದು ನಡತಿ ಕೇಳ್ರಿ. ಯಾವುದಾದ್ರೂ ಕಂಪ್ಯೂಟರ್ ಸುಟ್ಟು ಮೂಲಿಗೆ ಹೋದ್ರ ಅದರ ನಂಬರ್ ಒಂದು ವರ್ಷ ಯಾವುದಕ್ಕೂ ಕೊಡತಿರಲಿಲ್ಲ. ಅವರ ಮನ್ಯಾಗ ಬುದ್ಧನ ಫೋಟೋ, ಸೂತಕ ಗೀತಕ ಏನೂ ಮಾಡೂದಿಲ್ಲ. ಅದಕ್ಕ ನಾ ಕಾಡಸತಿದ್ದೆ, "ಏನ್ರಿ ಮಾಸ್ತರ್, ಮನಶ್ಯಾರಿಗಿಲ್ಲದ ಸೂತಕ ಮಶೀನಿಗೆ ಹಿಡಿದೀರಲ್ಲ?"

"ಹೋಗಿದ್ದು ಅದಕ್ಕ ಗೊತ್ತಿರತದ್ರಿ. ಉಳಿದವುಕ್ಕ ಗೊತ್ತಿರೂದಿಲ್ಲ. ಅದರ ನಂಬರ್ ಹುಡಿಕ್ಕೊಂಡು ಇನ್ನಾ ಬರತಿರತಾವು. ಆ ಜಾಗಾದಾಗ ಬ್ಯಾರೆದ್ದನ್ನ ಕುಂಡ್ರಿಸಿದ್ರ ಗೊಂದಲ ಆಗ್ತದ."

ಹಿಂಗಿದ್ದ ಮನಶ್ಯಾ. ಇಂಥಾವರ ಕೈಯಿಂದ ಆಗಬಾರದ್ದು ಆತು.

ಹತ್ತಿ ಬಿಡಸೋ ದಿನಗಳು. ದವಾಖಾನಿಗೆ ಹೊಸ ನೆಟ್ ಬಂದಿತ್ತು. ಹೊಸ ನೆಟ್ಟಿನ ಕೂಡ ಹೊಸ ಪೆಟಗಿ, ಹೊಸ ಪೆಟಗಿ ಕೂಡ ನಂಬರೆಲ್ಲಾ ಬದಲಿ. ಅವತ್ತ ನೋಡ್ರಿ ಹೊಸ ಕಟ್ಟಡದ ಉದ್ಘಾಟನೆ ಬ್ಯಾರೆ. ಟ್ರಸ್ಟಿನ ಸಾಹೇಬ್ರು, ಅವರ ಕೂಡ ದೊಡ್ಡ ಮಂದಿ ಬರಾವ್ರಿದ್ರು. ಬಾಜಾ ಭಜಂತ್ರಿ, ಶಾಮಿಯಾನ, ಹಾರ, ತುರಾಯಿ.

ಮಾಸ್ತರ್ ಮುಂಜಾನಿಯಿಂದ ಒಂದೊಂದ ಕಂಪ್ಯೂಟರಿಗೆ ಹೊಸ ನಂಬರ್ ಕೊಡಕೋತ ಇಸಿಜಿ ರೂಮಿಗೆ ಬಂದ್ರು. ನಾ ಅಲ್ಲೇ ಇದ್ದೆ. ಫೈಲಿನಾಗಿನ ಹಳೇ ನಂಬರ್ ಅಳಿಸಿ, ಮೊದಲು ಬಾಯಿಲೆ ಹೊಸ ನಂಬರ್ ಹೇಳಿದ್ರು. ಒಂದು ಖಾಲಿ ಗೆರಿ ಕಳಿಸಿ ನೋಡಿದ್ರು, ಕಲಬುರಗಿಗೆ ಮುಟ್ಟಿತು. ಇನ್ನ ಫೈಲಿನಾಗ ಬರೀಬೇಕು, ಬಂದ್ ಮಾಡಿ ಎಬ್ಬಿಸಬೇಕು. ಅಷ್ಟರಾಗ ಮ್ಯಾನೇಜರ್ ಓಡಿ ಬಂದ್ರು. "ಮಾಸ್ತರ್, ಏಳ್ರಿ ಏಳ್ರಿ. ಸಾಹೇಬ್ರ ಗಾಡಿ ಬಂದದ, ಶಾಮಿಯಾನದಾಗಿನ ಪರದಾ ಮ್ಯಾಲ ಫೋಟೋ ಬರವಲ್ವು."

"ಬಂದೆ ತಡೀರಿ. ಇದೊಂದು ಬರೆದು—"

"ನಡೀತದಲ್ಲ ಅದು? ನಡಿಯೋದು ಬಿಟ್ಟು ನಡಿಯಲಾರದ್ದು ನೋಡ್ರಿ ಮೊದಲು." ಅಂದು ರಟ್ಟಿ ಹಿಡಿದು ಎಬ್ಬಿಸಿದ್ರು. ಮಾಸ್ತರ್ ಪರದಾ ಕಡೆ ಒಮ್ಮಿ ನೋಡಿದ್ರು, ನನ್ನ ಕಡೆ ಒಮ್ಮಿ ನೋಡಿದ್ರು. ಹೋದ್ರು. ಜೀವಮಾನದಾಗ ಅವರು ಎಬ್ಬಿಸಿ ಕೇಳದ ಬಿಟ್ಟ ಮಶೀನ್ ಅದೊಂದ.

ಸ್ವಲ್ಪ ಹೊತ್ತಿಗೆ ಕರೆಂಟ್ ಹೋತು. ಬ್ಯಾಟರಿ ಪೆಟಗಿ ಸತ್ತು ತಿಂಗಳಾಗಿದ್ವು, ಬದಲಿ ಮಾಡಸ್ರಿ ಅಂತ ಮಾಸ್ತರ್ ಹೇಳಿ ಹೇಳಿ ಬಾಯಿ ಸೋತಿದ್ರು. ಜನರೇಟರ್ ಶುರು ಆತು, ಕಂಪ್ಯೂಟರ್ ತಾನ ಎದ್ದಿತು. ನೋಡಾಕ ಎಲ್ಲಾ ಮೊದಲಿನಂಗ ಇತ್ತು.

ಆಮ್ಯಾಲ ಬಂದಳು ಆಕಿ. ಗೋಗಿ ಊರಿಂದ ಟಂಟಂ ಆಟೋ ಮಾಡ್ಕೊಂಡು ಗಂಡ ಕರಕೊಂಡು ಬಂದಿದ್ದ. ಹತ್ತಿ ಬಿಡಸಾಕ ಹೋದಾಕಿ ಸಾಲಿನ್ಯಾಗ ಎದಿ ಹಿಡ್ಕೊಂಡು ಕುಂತಿದ್ಲಂತ. ಸೆರಗಿಗೆ ಹತ್ತಿ ಅಂಟಿಕೊಂಡಿತ್ತು. ಮೈಯೆಲ್ಲಾ ಬೆವರು. ಡ್ಯೂಟಿ ಮ್ಯಾಲ ಹೊಸ ಡಾಕ್ಟರ್, ಸಣ್ಣ ವಯಸ್ಸು. ನಾ ಮಶೀನ್ ಹಚ್ಚಿ ಗೆರಿ ತೆಗೆದು ಬಟನ್ ಒತ್ತಿದೆ. ನಮ್ಮದು ಕಾಗದ ಬರೋ ಮಶೀನ್ ಅಲ್ಲ, ಗೆರಿ ಕಂಪ್ಯೂಟರಿಗೇ ಹೋಗಬೇಕು. ಕಲಬುರಗಿಯವರು ನೋಡಿ ಫೋನ್ ಮಾಡಿದ್ರ ರಕ್ತದ ಗಂಟು ಕರಗಿಸೋ ಇಂಜೆಕ್ಷನ್. ಅವರು ಹೇಳದ ಕೊಡಾಂಗಿಲ್ಲ, ಅದು ಕಾಯಿದೆ. ಯಾವಾಗಲೂ ಫೋನ್ ಲಗೂನ ಬರತಿತ್ತು. ನಾವು ಕಾದ್ವಿ. ಮಶೀನಿನ ಮ್ಯಾಲ ಕಳಸಾಕತ್ತದ, ಕಳಸಾಕತ್ತದ ಅಂತ ಬರಕೋತ ಇತ್ತು. ಆಕಿ ನನ್ನ ಕೈ ಹಿಡಿದಿದ್ಲು. "ಸಿಸ್ಟರ್, ಮನ್ಯಾಗ ಎಮ್ಮಿ ಕಟ್ಟಿ ಬಂದಿಲ್ಲ" ಅಂದ್ಲು. ಇಷ್ಟ ಆಕಿ ಆಡಿದ ಮಾತು ನನಗ ನೆನಪದ.

ಫೋನ್ ಬರಲಿಲ್ಲ. ನಾನ ಕಲಬುರಗಿಗೆ ಹಚ್ಚಿದೆ. "ನಮಗೇನೂ ಬಂದಿಲ್ಲ" ಅಂದ್ರು. ಮಾಸ್ತರಿಗೆ ಹಚ್ಚಿದೆ, ಬಾಜಾ ಸಪ್ಪಳದಾಗ ಅವರಿಗೆ ಕೇಳಿಸಲಿಲ್ಲ. ಆಯಾನ್ನ ಓಡಿಸಿದೆ. ಮಾಸ್ತರ್ ಓಡಿ ಬಂದ್ರು, ಕೊರಳಾಗ ಯಾರೋ ಹಾಕಿದ ಪಾಸ್ ಜೋತಾಡಾಕತ್ತಿತ್ತು. ಐ, ಪಿ, ಒಂದು ಖಾಲಿ, ಎ. ಪರದಾ ಮ್ಯಾಲ ಬ್ಯಾರೆ ನಂಬರ್, ಪಾಳಿ ಹಚ್ಚಿ ತಗೊಂಡದ್ದು. ಚೀಟಿ ನಂಬರ್. ಅವರ ಬಾಯಿಂದ ಒಂದು ಸಪ್ಪಳ ಬಂತು, ಅದನ್ನ ಮಾತು ಅನ್ನಾಕ ಬರೂದಿಲ್ಲ. ನಂಬರ್ ಕೊಟ್ರು. ಗೆರಿ ಹೋತು. ಹೋದ ಕೂಡ್ಲೆ ಕಲಬುರಗಿಯಿಂದ ಫೋನ್, "ಇಷ್ಟೊತ್ತು ಏನ್ ಮಾಡಿದ್ರಿ? ಇಂಜೆಕ್ಷನ್ ಕೊಟ್ಟು ಗಾಡಿ ಹತ್ತಸ್ರಿ!"

ಕೊಟ್ವಿ, ಹತ್ತಿಸಿದ್ವಿ. ಕಲಬುರಗಿ ದಾರ್ಯಾಗ, ಜೇವರ್ಗಿ ದಾಟೂದ್ರಾಗ ಆಕಿ ಹೋದ್ಲು.

ಸಂಜಿಮುಂದ ಮ್ಯಾನೇಜರ್ ನಮ್ಮನ್ನ ರೂಮಿಗೆ ಕರೆದ್ರು. ಮ್ಯಾನೇಜರ್ ರಾಕ್ಷಸ ಅಲ್ಲ, ಅವರಿಗೂ ಮಾರಿ ಇಳಿದಿತ್ತು. ಆದ್ರ ಮಾತು ಮಾತ್ರ ತಯಾರಿತ್ತು. "ಆಕಿ ಆಯುಷ್ಯ ಅಷ್ಟ ಇತ್ತು. ತಡಾ ಮಾಡಿ ಕರಕೊಂಡು ಬಂದಾರ. ಇದು ಇಲ್ಲಿಗೇ ಬಿಡ್ರಿ."

ಸಣ್ಣ ಡಾಕ್ಟರ್ ಹೌದಂತ ಗೋಣು ಹಾಕಿದ. ಮಾಸ್ತರ್ ಅಂದ್ರು, "ಆಕಿ ಗಂಡಗ ಹೇಳಬೇಕ್ರಿ."

"ಏನಂತ? ಕಂಪ್ಯೂಟರ್ ನಂಬರ್ ತಪ್ಪಿತ್ತಂತ? ಅವ ಹೊಲದಾಗಿನ ಮನಶ್ಯಾ, ಅವಗೇನು ತಿಳೀತದ? ಊರ ಮಂದಿ ಬಂದು ದವಾಖಾನಿಗೆ ಕಲ್ಲು ಹೊಡಿತಾರ. ನಿನ್ನ ಮ್ಯಾಲ ಕೇಸ್ ಆಗ್ತದ. ನೌಕರಿ ಹೋಗ್ತದ. ಹೆಂಡತಿ ಮಕ್ಕಳು ಅದಾರಲ್ಲ ನಿನಗ?"

ನೀವು ಅನ್ನೂದು ಹೋಗಿ ನೀನು ಬಂದಿತ್ತು. ಮಾಸ್ತರ್ ಎದ್ದು ಹೋಗಿ ಇಸಿಜಿ ರೂಮಿನ್ಯಾಗ ಕುಂತ್ರು. ನಂಬರ್ ಫೈಲಿನಾಗ ಬರೆದ್ರು, ಡಬ್ಬಿ ಮ್ಯಾಲ ಹೊಸ ಚೀಟಿ ಅಂಟಿಸಿದ್ರು. ವೈರ್ ಕಿತ್ತಿದ್ರು, ಹಚ್ಚಿದ್ರು, ಎಬ್ಬಿಸಿ ಕೇಳಿದ್ರು. ಮತ್ತ ಕಿತ್ತಿದ್ರು. ಎಷ್ಟು ಸಲ ಅಂತ ನಾ ಎಣಸಲಿಲ್ಲ. ಕಡೀಕ ನಾನ ಹೋಗಿ "ಸಾಕು ಏಳ್ರಿ, ಬಸ್ ಹೋಗ್ತದ" ಅಂದೆ.

ಮರುದಿನ ಮುಂಜಾನಿ ನನ್ನ ಮುಂದ ಬಂದು ನಿಂತ್ರು. "ಸಿಸ್ಟರ್, ಗೋಗಿಗೆ ಹೋಗಬೇಕು. ಒಬ್ಬನ ಹೋದ್ರ ಅವರಿಗೆ ನಾ ಯಾರಂತ ಗೊತ್ತಾಗೂದಿಲ್ಲ. ನೀವು ಆಕಿ ಕೈ ಹಿಡಿದಿದ್ರಿ."

"ಹೋಗಿ ಏನ್ ಮಾಡ್ತೀರಿ? ಆಕಿ ಎದ್ದು ಬರತಾಳೇನು?"

"ಇಲ್ಲ."

"ಅವ ಹೊಡೀತಾನ."

"ಹೊಡೀಲಿ."

"ಪೊಲೀಸರ ಕೈಗೆ ಕೊಡ್ತಾನ."

"ಕೊಡಲಿ. ತಡಾ ಮಾಡಿ ಕರಕೊಂಡು ಬಂದ ಅಂತ ನಾವು ಹೇಳಾಕತ್ತೀವಿ ಸಿಸ್ಟರ್. ಅವ ಅದನ್ನ ನಂಬತಾನ. ನನ್ನ ಹೆಂಡತಿನ್ನ ನಾನ ತಡಾ ಮಾಡಿ ಕೊಂದೆ ಅಂತ ಸಾಯೋತನಕ ತಲಿಯಾಗ ಇಟ್ಕೋತಾನ. ಅದು ಅವಂದಲ್ಲ, ನಂದು."

"ನಡೀರಿ" ಅಂದೆ. ಟಂಟಂ ಹತ್ತಿದ್ವಿ.

ಮನಿ ಮುಂದ ಇನ್ನಾ ಮಂದಿ ಕುಂತಿದ್ರು. ಎಮ್ಮಿ ಕಟ್ಟಿತ್ತು. ಗಂಡ ತಲಿಗೆ ಟವೆಲ್ ಸುತ್ತಿ ಗ್ವಾಡಿಗೆ ಆತು ಕುಂತಿದ್ದ. ನನ್ನ ಗುರುತು ಹಿಡಿದ. ಒಳಗ ಕರೆದ. ಅವರವ್ವ ಚಾ ತಂದು ಕೊಟ್ಳು, ಬ್ಯಾಡ ಅನ್ನಾಕ ಆಗಲಿಲ್ಲ. ಮಾಸ್ತರ್ ಚಾ ಕೈಯಾಗ ಹಿಡ್ಕೊಂಡು ಹೇಳಾಕ ಶುರು ಮಾಡಿದ್ರು. ನನಗ ಚೀಟಿ, ಬೆಡ್ಡು ಅಂತ ಚಂದಾಗಿ ಹೇಳಿದ ಬಾಯಿ ಅವತ್ತ ತೊದಲತಿತ್ತು.

"ಆ ಮಶೀನಿಗೆ ಒಂದು ನಂಬರ್ ಇರ್ತದ್ರಿ. ನಿಮ್ಮ ಮನಿಯವರ ಎದಿ ಗೆರಿ ಆ ನಂಬರಿಗೆ ಹೋಗಬೇಕು. ನಾ ಅದಕ್ಕ ಆ ನಂಬರ್ ಬಾಯಿಲೆ ಹೇಳಿದ್ದೆ. ಬರೆದಿಟ್ಟಿರಲಿಲ್ಲ. ಕರೆಂಟ್ ಹೋಗಿ ಬಂತು, ಅದು ಮರೀತು. ಗೆರಿ ಯಾರಿಗೂ ಮುಟ್ಟಲಿಲ್ಲ. ಅದಕ್ಕ ಇಂಜೆಕ್ಷನ್ ಕೊಡೂದು ತಡಾ ಆತು. ನೀವು ತಡಾ ಮಾಡಿಲ್ಲ. ನೀವು ಹೊತ್ತಿಗೆ ಸರಿಯಾಗಿ ಬಂದಿದ್ರಿ."

ಅವ ತಲಿಗಿನ ಟವೆಲ್ ಬಿಚ್ಚಿ ತೊಡಿ ಮ್ಯಾಲ ಇಟ್ಕೊಂಡ. "ಮುಟ್ಟಿದ್ರ ಉಳೀತಿದ್ಲೇನು?" ಅಂತ ಕೇಳಿದ.

"ಉಳೀತಿದ್ರು ಅಂತ ಹೇಳಾಕ ನಾ ಡಾಕ್ಟರ್ ಅಲ್ರಿ. ಉಳೀತಿರಲಿಲ್ಲ ಅಂತ ಹೇಳಾಕ ನನಗ ಬಾಯಿಲ್ಲ."

"ಬರಿಯಾಕ ಎಷ್ಟೊತ್ತು ಬೇಕಿತ್ತು?"

ಮಾಸ್ತರ್ ತಲಿ ಕೆಳಗ ಹಾಕಿದ್ರು. "ಒಂದು ಚಾ ಕುಡಿಯೋವಷ್ಟು ಸೈತ ಬೇಕಾಗಿರಲಿಲ್ರಿ."

ಅವ ಮಾಸ್ತರ್ ಕೈಯಾಗಿನ ಚಾದ ಕಪ್ಪು ನೋಡಿದ. ನೋಡ್ಕೋತ ಕುಂತ. ಹೊಡಿಯಲಿಲ್ಲ, ಬೈಲಿಲ್ಲ. "ಎದ್ದು ನಡೀರಿ" ಅಂದ, ಅಷ್ಟ. ನಾವು ಎದ್ದು ಬಂದ್ವಿ. ಟಂಟಂ ಸಿಗೋತನಕ ರೋಡಿನ ಮ್ಯಾಲ ಬಿಸಲಾಗ ನಿಂತಿದ್ವಿ. ಅವರ ಚಾ ಅಲ್ಲೇ ಉಳಿದಿತ್ತು.

ಕೇಸ್ ಆಗಲಿಲ್ಲ. ಕಲ್ಲೂ ಬೀಳಲಿಲ್ಲ. ಆದ್ರ ಸುದ್ದಿ ಮ್ಯಾನೇಜರ್ ಕಿವಿಗೆ ಬಿತ್ತು, ಮಾಸ್ತರಿಗೆ "ನಾಳಿಂದ ಬರಬ್ಯಾಡ" ಅಂದ್ರು. ನರ್ಸ್ ಸಿಗೂದಿಲ್ಲ ಅಂತ ನನ್ನ ಉಳಿಸ್ಕೊಂಡ್ರು. ಮಾಸ್ತರ್ ಟೆಸ್ಟರ್ ಕಿಸೇದಾಗ ಇಟ್ಕೊಂಡು ನನಗ ಹೇಳಾಕ ಬಂದ್ರು. ನಾ ಅಂದೆ, "ಇಷ್ಟು ವರ್ಷ ದುಡಿದೀರಿ. ಏನರ ಕಾಗದ ಗೀಗದ ಇಲ್ಲೇನು?" ಅದಕ್ಕ ನಕ್ಕರು. ಅವರು ನಕ್ಕಿದ್ದು ನಾ ನೋಡಿದ್ದ ಕಡಿಮಿ, ನೋಡಬಾರದಿತ್ತು ಅದನ್ನ. "ನನ್ನೂ ಬಾಯಿಮಾತಿಲೇ ಇಟ್ಕೊಂಡಿದ್ರಲ್ರಿ ಸಿಸ್ಟರ್."

ಆಮ್ಯಾಲ ಯಾದಗಿರಿ ಸ್ಟೇಷನ್ ಹತ್ರ ಒಂದು ಝೆರಾಕ್ಸ್ ಅಂಗಡ್ಯಾಗ ಕೆಲಸ ಮಾಡಿದ್ರು. ಸೈದಾಪುರ ಕಡೆ ಫ್ಯಾಕ್ಟರಿಗೋಳಿಗೆ ಕ್ಯಾಮೆರಾ ಹಚ್ಚಾಕ ಹೋಗತಿದ್ರು. ಎಲ್ಲಿ ಹೋದ್ರೂ ಬರೆದು, ಕಿತ್ತಿ, ಎಬ್ಬಿಸಿ ಕೇಳಿ ಬರೂದು ಬಿಡಲಿಲ್ಲ. ಅದಕ್ಕ ಅಲ್ಲಿಯವರೂ "ಭಾಳ ತಡಾ ಮಾಡತಾನ ಮುದುಕ" ಅಂತ ಕೆಲಸ ಬಿಡಿಸಿದ್ರಂತ. ಮುದುಕ! ಅಂಥಾ ವಯಸ್ಸೇನು ಆಗಿರಲಿಲ್ಲ. ಗೋಗಿಗೆ ಹೋಗಿ ಬಂದ ಮ್ಯಾಲ ತಲಿಗೆ ಎಣ್ಣಿ ಹಚ್ಚೂದು ಬಿಟ್ಟಿದ್ರು, 'ಹೆಂಗರ ಕಾಣಲಿ' ಅಂತ.

ಕಿಡ್ನಿ ಹೋದ್ವು. ಯಾದಗಿರ್ಯಾಗ ಡಯಾಲಿಸಿಸ್ ಮಾಡಿಸಿಕೊಳ್ಳೋವಾಗ ನೋಡಾಕ ಹೋಗಿದ್ದೆ. ಮಾರಿ ಬಾತಿತ್ತು. ನನ್ನ ನೋಡಿ ಹೆಂಗದೀರಿ ಅನ್ನಲಿಲ್ಲ. "ಸಿಸ್ಟರ್, ಈ ಮಶೀನಿಗೆ ಬ್ಯಾಟರಿ ಅದ ಏನು, ಕರೆಂಟ್ ಹೋದ್ರ ನಡೀತದ ಏನು, ಜರಾ ಕೇಳಿ ಬರ್ರಿ" ಅಂದ್ರು. ಕೇಳಿ ಬಂದು ಅದ ಅಂತ ಹೇಳಿದೆ. "ನಿಮಗ ಹೇಳ್ಯಾರ ಅಷ್ಟ. ಬಂದ್ ಮಾಡಿ ನೋಡ್ಯಾರೇನು?" ಅಂದ್ರು. ಅಯ್ಯ ನಿಮ್ಮ, ಅಂತ ಬೈದೆ. ಬೈದು ಹೊರಗ ಬಂದು ಅತ್ತೆ.

ಮೊನ್ನಿ ಮಣ್ಣಿಗೆ ಮಂದಿ ಭಾಳ ಇರಲಿಲ್ಲ. ಬುದ್ಧನ ಫೋಟೋ ಮುಂದ ಮೇಣಬತ್ತಿ ಹಚ್ಚಿದ್ರು, ಪಂಚಶೀಲ ಹೇಳಿದ್ರು. ದವಾಖಾನಿಯಿಂದ ನಾನೊಬ್ಬಾಕಿ. ಎಲ್ಲಾರೂ ಒಂದೊಂದು ಹಿಡಿ ಮಣ್ಣು ಹಾಕಿದ ಮ್ಯಾಲ ಹಿಂದಿನಿಂದ ಒಬ್ಬ ಬಂದ. ತಲಿಗೆ ಟವೆಲ್ಲು. ಗೋಗಿಯವ. ವರ್ಷ ಕಳೆದಿದ್ವು, ಗಡ್ಡ ಬೆಳ್ಳಗಾಗಿತ್ತು, ಆದ್ರ ಆ ಮಾರಿ ನಾ ಹೆಂಗ ಮರೀಲಿ? ಮಣ್ಣು ತಗೊಂಡ, ಹಿಡ್ಕೊಂಡು ನಿಂತ, ಹಾಕಿದ. ನನ್ನ ಕಡೆ ಬಂದ.

"ನಾ ಮಾಫ್ ಮಾಡೀನಿ ಅಂತ ಇವರ ಮನಿಯವರಿಗೆ ಹೇಳಬ್ಯಾಡ್ರಿ ಸಿಸ್ಟರ್. ಮಾಡಿಲ್ಲ."

"ಮತ್ಯಾಕ ಬಂದಿ ಅಣ್ಣಾ?"

"ನಮ್ಮ ಮನಿಗೆ ಅವರು ಬಂದಿದ್ರಲ್ರಿ." ಕೈಗೆ ಹತ್ತಿದ ಮಣ್ಣು ಝಾಡಿಸಿಕೊಂಡ. ಹೊಂಟವ ತಿರುಗಿ ನಿಂತ. "ಆ ಮಶೀನ್ ಈಗರ ನೆನಪಿಟ್ಕೋತದ ಏನ್ರಿ, ಕರೆಂಟ್ ಹೋದ್ರ?"

ಹೌದು ಅನ್ನಬೇಕಂದೆ. ಆದ್ರ ನನಗ ಗೊತ್ತಿರಲಿಲ್ಲ. ಮಾಸ್ತರ್ ದವಾಖಾನಿ ಬಿಟ್ಟ ಮ್ಯಾಲ ಯಾವುದೋ ಕಂಪನಿಯವರು ಬರತಾರ, ಹೋಗತಾರ. ಬ್ಯಾಟರಿ ಪೆಟಗಿ ಬದಲಿ ಆಗ್ಯಾವು, ಹಂಗಾಗಿ ಆ ಕಂಪ್ಯೂಟರ್ ಬಂದ್ ಆಗಿದ್ದ ನಾ ನೋಡಿಲ್ಲ. "ನೋಡಿ ಹೇಳತೀನಿ" ಅಂದೆ. ಅವ ತನ್ನ ಫೋನ್ ನಂಬರ್ ಕೊಟ್ಟು ಹೋದ.

ಮರುದಿನ ಓಪಿಡಿ ಶುರು ಆಗೂಕಿಂತ ಮೊದಲು ಇಸಿಜಿ ರೂಮಿಗೆ ಹೋದೆ. ಪೇಷಂಟ್ ಯಾರೂ ಇರಲಿಲ್ಲ. ಡಬ್ಬಿ ಮ್ಯಾಲ ಮಾಸ್ತರ್ ಚೀಟಿ ಇನ್ನಾ ಇತ್ತು, ಅಂಚು ಎದ್ದಿತ್ತು. ವೈರ್ ಕಿತ್ತಿದೆ. ಪರದಾ ಕರ್ರಗಾತು. ಮತ್ತ ಹಚ್ಚಿದೆ. ಅದು ಏಳಾಕ ಭಾಳ ಹೊತ್ತು ತಗೊಂಡಿತು, ಹಳೇ ಮಶೀನು. ಐ, ಪಿ, ಒಂದು ಖಾಲಿ, ಎ. ಚೀಟಿ ಮ್ಯಾಲ ಬೆರಳಿಟ್ಟು ಒಂದೊಂದ ಅಂಕಿ ತಾಳೆ ಮಾಡಿದೆ. ಅದ ನಂಬರ್. ಆಕಿ ಹೋದ ದಿನ ಸಂಜಿಮುಂದ ಅವರು ಬರೆದದ್ದು ಹಂಗೇ ಅದ.

ಗೋಗಿಗೆ ಫೋನ್ ಹಚ್ಚಿದೆ. "ಬಂದ್ ಮಾಡಿ ಎಬ್ಬಿಸಿ ಕೇಳಿದೆ ಅಣ್ಣಾ. ಬರೋಬರ್ ಹೇಳ್ತು."

ಅವ ಹೊಲದಾಗಿದ್ದ, ಗಾಳಿ ಸಪ್ಪಳ ಕೇಳಸತಿತ್ತು. "ಹೂಂ" ಅಂದ. ಫೋನ್ ಇಟ್ಟ ಅನಕೊಂಡೆ, ಇಟ್ಟಿರಲಿಲ್ಲ.

"ಅವತ್ತ ಹೇಳಬೇಕಿತ್ತದು" ಅಂದ. ಆಮ್ಯಾಲ ಇಟ್ಟ.